ದಿಲ್ಲಮ್ಮ ಬಿಟ್ಟುಹೋದ ಫಾಪರ್

ಅಡುಗೆಮನೆಯ ಸಜ್ಜೆಯ ಮೇಲೆ ಪಾಪಕ್ಕ ಒಂದು ಗಂಟು ಇಟ್ಟಿದ್ದಳು. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಐದು ಕಿಲೋ ಕಾಳು. ರಾಗಿಯಲ್ಲ, ಹುರುಳಿಯಲ್ಲ, ಮಧುರೆ ಸುತ್ತಮುತ್ತ ಯಾರ ಹೊಲದಲ್ಲೂ ಕಾಣದ್ದು. ಬೂದಿ ಮೆತ್ತಿದಂಥ ಕಪ್ಪು ಬಣ್ಣ, ಒಂದೊಂದು ಕಾಳಿಗೂ ಮೂರು ಮೂಲೆ. ನೋಡಿದವರು ಇದೇನು ಅಂತ ಕೇಳಿದರೆ, “ನಮ್ಮ ದಿಲ್ಲಮ್ಮಂದು. ಬಂದಾಗ ಇಸ್ಕೊಂಡು ಹೋಗ್ತಾಳೆ” ಎನ್ನುತ್ತಿದ್ದಳು.

ದಿಲ್ಲಮ್ಮನ ಸರಿಯಾದ ಹೆಸರು ದಿಲ್‌ಮಾಯಾ. ನೇಪಾಳದ ಬೆಟ್ಟದ ಸೀಮೆಯವಳು. ಹನ್ನೊಂದು ವರ್ಷ ಪಾಪಕ್ಕನ ಜೊತೆ ಒಂದೇ ಗುಲಾಬಿ ತೋಟದಲ್ಲಿ ದುಡಿದು, ಗಂಡನಿಗೆ ಲಕ್ವ ಹೊಡೆದಾಗ ಅವನನ್ನು ಕರೆದುಕೊಂಡು ಊರಿಗೆ ಹೋದಳು. ದಸರಾಗೆ ಬರ್ತೀನಿ ಅಂದಿದ್ದಳು.

ಪಾಪಕ್ಕ ಹುಟ್ಟಿದ್ದು ಆವತಿ ಕಡೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಎಮ್ಮೆಯ ಹಿಂದೆ ಹೋದವಳು, ಹದಿನೇಳಕ್ಕೆ ಚಿಕ್ಕವೆಂಕಟಪ್ಪನನ್ನು ಮದುವೆಯಾಗಿ ಮಧುರೆ ಪಕ್ಕದ ಹಳ್ಳಿಗೆ ಬಂದಳು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಮಗ ನಂದೀಶ್ ತೋಟದ ಹೂವನ್ನೇ ಬೆಂಗಳೂರಿಗೆ ಸಾಗಿಸುವ ವ್ಯಾನಿನ ಡ್ರೈವರು. ಸೊಸೆ ರಮ್ಯ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮೊಮ್ಮಗಳು ಸಿಂಚನಳಿಗೆ ನಾಲ್ಕು ವರ್ಷ. ಮನೆಯಲ್ಲಿ ಜನವಿದ್ದರು, ಮಾತಿತ್ತು, ಟಿವಿ ಇತ್ತು. ಆದರೂ ಸಾಯಂಕಾಲ ನಾಲ್ಕೂವರೆಯಾದರೆ ಪಾಪಕ್ಕನ ಕಾಲು ತಾನಾಗಿ ತೋಟದ ಹಿಂದೆ ದಿಲ್ಲಮ್ಮ ಇದ್ದ ಶೀಟಿನ ಮನೆಯ ಕಡೆ ತಿರುಗುತ್ತಿತ್ತು. ಆಮೇಲೆ ನೆನಪಾಗಿ ನಿಲ್ಲುತ್ತಿತ್ತು.

ಗುಲಾಬಿ ತೋಟದ ಕೆಲಸ ನೋಡುವುದಕ್ಕೆ ಚೆಂದ, ಮಾಡುವುದಕ್ಕೆ ಕೈ ಬೇಕು. ಬೆಳಗ್ಗೆ ಆರಕ್ಕೆಲ್ಲ ಪಾಲಿಹೌಸಿನೊಳಗೆ ಹೋಗಿ ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು. ಶೆಡ್ಡಿಗೆ ತಂದು ಕೆಳಗಿನ ಎಲೆ, ಮುಳ್ಳು ಸವರಬೇಕು. ಗೆರೆ ಹಾಕಿದ ಹಲಗೆಯ ಮೇಲೆ ಉದ್ದ ಅಳೆದು, ಇಪ್ಪತ್ತಿಪ್ಪತ್ತು ಕಟ್ಟಿ, ರಟ್ಟು ಸುತ್ತಿ ಕೋಲ್ಡ್ ರೂಮಿಗೆ ಸೇರಿಸಬೇಕು. ಕೋಲ್ಡ್ ರೂಮಿಗೆ ಹೋಗಿ ಬಂದರೆ ಬೇಸಿಗೆಯಲ್ಲೂ ಬೆರಳು ಮರಗಟ್ಟುತ್ತದೆ.

ದಿಲ್‌ಮಾಯಾ ಕೆಲಸಕ್ಕೆ ಸೇರಿದ ಮೊದಲ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮಧ್ಯಾಹ್ನ ಪಾಪಕ್ಕ ಡಬ್ಬಿ ಬಿಚ್ಚಿದಾಗ ಅದರೊಳಗಿನ ಮುದ್ದೆಯನ್ನು ನೋಡಿ ಅವಳ ಕಣ್ಣು ಅರಳಿತು. “ಢಿಂಡೋ!” ಅಂದವಳೇ ಕೇಳದೆ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡು ಅಗಿಯತೊಡಗಿದಳು.

“ಅಯ್ಯೋ, ಅಗೀಬಾರ್ದು ಕಣೇ, ನುಂಗು! ಹಿಂಗೆ, ಗುಳಕ್ ಅಂತ!” ಪಾಪಕ್ಕ ಗಂಟಲು ಮುಟ್ಟಿ ತೋರಿಸಿದಳು. ಶೆಡ್ಡಿನವರೆಲ್ಲ ನಕ್ಕರು. ದಿಲ್‌ಮಾಯಾಳೂ ನಕ್ಕಳು. ನಕ್ಕ ಹಾಗೇ ಕಣ್ಣಲ್ಲಿ ನೀರು ಬಂತು. ಅವಳ ಊರಲ್ಲೂ ರಾಗಿ ಬೆಳೆಯುತ್ತಾರಂತೆ, ಕೋದೋ ಅನ್ನುತ್ತಾರಂತೆ, ಹೀಗೇ ಮುದ್ದೆ ಕಟ್ಟುತ್ತಾರಂತೆ. ಅವತ್ತಿನಿಂದ ಅವಳು ಪಾಪಕ್ಕನಿಗೆ ದಿಲ್ಲಮ್ಮ, ಪಾಪಕ್ಕ ಅವಳಿಗೆ ದಿದಿ.

ಮಳೆಗಾಲ ಬಂದಾಗ ದಿಲ್ಲಮ್ಮ ಒಂದು ಸಾಯಂಕಾಲ ಪಾಪಕ್ಕನನ್ನು ತನ್ನ ಶೀಟಿನ ಮನೆಗೆ ಕರೆದಳು. ಕಬ್ಬಿಣದ ಬಾಣಲೆಯಲ್ಲಿ ಒಂದು ಹಿಡಿ ನುಚ್ಚಿನಂಥ ಕಾಳು ಹುರಿದು, ಕುದಿಯುವ ನೀರು ಹೊಯ್ದು, ಮುಚ್ಚಿಟ್ಟು, ಬಸಿದು ಲೋಟಕ್ಕೆ ಬಿಟ್ಟಳು. ಜೇನಿನ ಬಣ್ಣ. ಹಾಲಿಲ್ಲ, ಸಕ್ಕರೆ ಇಲ್ಲ. ಮೂಗಿಗೆ ಹಿಡಿದರೆ ಹುರಿದ ರಾಗಿಯ ವಾಸನೆ, ನಾಲಗೆಗೆ ಹಾಕಿದರೆ ಕೊನೆಯಲ್ಲಿ ಒಂದು ಸಣ್ಣ ಕಹಿ. ಮರಗಟ್ಟಿದ್ದ ಬೆರಳು ಲೋಟ ಹಿಡಿದೇ ಬಿಸಿಯಾದವು.

“ಇದು ಫಾಪರ್, ದಿದಿ. ಅಕ್ಕಿ ಬರದೇ ಇರೋ ಎತ್ತರದಲ್ಲಿ ಬರ್ತದೆ. ಎಪ್ಪತ್ತು ಎಂಬತ್ತು ದಿವಸ, ಅಷ್ಟೇ. ಸಿಹಿದು ಒಂದು, ಕಹಿದು ಒಂದು. ಸಿಹಿದು ಮುದ್ದೆಗೆ, ಕಹಿದು ಈ ನೀರಿಗೆ.”

“ಯಾರು ಕಂಡ್ಹಿಡಿದಿದ್ದು ಇದನ್ನ?”

ಪಾಪಕ್ಕನಿಗೆ ಎಲ್ಲದರ ಬುಡ ಬೇಕು. ಯಾರಾದರೂ ಮಾತಾಡಿದರೆ ನಡುವೆ ಬಾಯಿ ಹಾಕುವವಳಲ್ಲ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳುವವಳು. ದಿಲ್ಲಮ್ಮ ತಾತನ ಕತೆ ಹೇಳಿದಳು. ತಾತ ಆಡುಗಳ ಬೆನ್ನಿಗೆ ಧಾನ್ಯ ಹೇರಿಕೊಂಡು ಕಣಿವೆ ದಾಟಿ ಗಡಿ ಆಚೆ ಹೋಗಿ ಉಪ್ಪು ತರುತ್ತಿದ್ದನಂತೆ. ಆಚೆಯವರು ಈ ಕಾಳು ಹುರಿದು ನೀರು ಕುಡಿಯುವುದನ್ನು ನೋಡಿ ಬಂದು ಮನೆಯಲ್ಲಿ ಮಾಡಿಸಿದನಂತೆ.

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆದು ನಂಗೇನು ಗೊತ್ತು? ನಾನೇನು ಅಷ್ಟು ಮುದುಕಿನಾ?”

ಆ ಮುಂಚಿನದನ್ನು ಹುಡುಕಿಕೊಟ್ಟವನು ತೋಟದ ಸೂಪರ್‌ವೈಸರ್ ಬೈರೇಶ್. ಫೋನಿನಲ್ಲಿ ನೋಡಿ ಶೆಡ್ಡಿಗೆಲ್ಲ ಕೇಳುವಂತೆ ಓದಿದ. “ಪಾಪಕ್ಕ, ನೀವು ಕುಡೀತಿರೋದು ಸಾಮಾನ್ಯ ಅಲ್ಲ ಕಣ್ರೀ. ಬಕ್‌ವೀಟ್ ಟೀ ಅಂತೆ. ಕಾಳು ಹುಟ್ಟಿದ್ದು ಚೀನಾದ ಬೆಟ್ಟದಲ್ಲಿ. ಜಪಾನ್ ಕೊರಿಯಾದಲ್ಲೆಲ್ಲ ಕುಡೀತಾರಂತೆ. ಹೆಸರಲ್ಲಿ ಗೋಧಿ ಇದೆ, ಆದ್ರೆ ಗೋಧಿಗೂ ಇದಕ್ಕೂ ನೆಂಟಸ್ತನಾನೇ ಇಲ್ಲ. ಟೀ ಸೊಪ್ಪು ಇಲ್ದೇ ಇರೋದ್ರಿಂದ ನಿದ್ದೆ ಕೆಡಲ್ಲ. ರುಟಿನ್ ಅಂತ ಏನೋ ಇದ್ಯಂತೆ, ರಕ್ತನಾಳಕ್ಕೆ ಒಳ್ಳೇದಂತೆ. ಶುಗರ್‌ಗೂ ಒಳ್ಳೇದು ಅಂತ ಹಾಕಿದಾರೆ.”

“ಹೌದೇನಪ್ಪಾ? ಹಂಗಾದ್ರೆ ನೀನೂ ಒಂದು ಲೋಟ ಕುಡಿ. ನಮ್ಮ ಮೇಲೆ ಕೂಗಾಡೋದಾದ್ರೂ ಕಮ್ಮಿ ಆಗ್ಲಿ.”

ಹಾಗೆ ನಾಲ್ಕೂವರೆಯ ಆ ಅರ್ಧ ಗಂಟೆ ಇಬ್ಬರದಾಯಿತು. ವರ್ಷಕ್ಕೊಮ್ಮೆ ಊರಿಂದ ಯಾರಾದರೂ ಬಂದಾಗ ದಿಲ್ಲಮ್ಮನಿಗೆ ಕಾಳು ಬರುತ್ತಿತ್ತು. ಅವಳು ಹುರಿಯುವಾಗ ಊರಿನ ಮಾತು ತೆಗೆಯುತ್ತಿದ್ದಳು. ದಸರಾ ಹೊತ್ತಿಗೆ ಫಾಪರ್ ಹೂ ಬಿಡುತ್ತದಂತೆ, ಇಡೀ ಬೆಟ್ಟದ ಪಕ್ಕೆಯೇ ಬಿಳಿ, ನಸುಗೆಂಪು ಆಗುತ್ತದಂತೆ, ಜೇನುಹುಳದ ಸದ್ದಿಗೆ ಮಾತು ಕೇಳಿಸುವುದಿಲ್ಲವಂತೆ. ದಿನಾ ಪ್ಲಾಸ್ಟಿಕ್ ಮಾಡಿನ ಕೆಳಗೆ ಸಾವಿರಾರು ಗುಲಾಬಿ ನೋಡುವ ಪಾಪಕ್ಕನಿಗೆ ಆ ಸಣ್ಣ ಹೂವನ್ನು ಒಂದು ಸಲ ನೋಡಬೇಕೆಂದು ಆಸೆಯಾಗುತ್ತಿತ್ತು. “ಕರ್ಕೊಂಡು ಹೋಗೇ ಒಂದು ಸಲ” ಅಂದರೆ, “ನಿಂಗೆ ಮಧುರೆ ಕೆರೆ ಏರಿ ಹತ್ತಿದ್ರೇ ಏದುಸಿರು ಬರ್ತದೆ, ದಿದಿ” ಎಂದು ದಿಲ್ಲಮ್ಮ ನಗುತ್ತಿದ್ದಳು.

ಶಿವರಾತ್ರಿ ಕಳೆದ ವಾರ ದಿಲ್ಲಮ್ಮನ ಗಂಡ ಧನ್‌ಬಹದ್ದೂರ್ ಔಷಧಿ ಹೊಡೆಯುವ ಪೈಪು ಹಿಡಿದು ನಿಂತಲ್ಲೇ ಕುಸಿದ. ಬಲಗೈ ಬಲಗಾಲು ಹೋಯಿತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಅಲ್ಲಿಂದಲೇ ಊರಿಗೆ ಹೊರಟರು. ಹೊರಡುವ ಬೆಳಗ್ಗೆ ದಿಲ್ಲಮ್ಮ ಶೀಟಿನ ಮನೆಗೆ ಬಂದು ಚೀಲದಲ್ಲಿದ್ದ ಫಾಪರ್ ಅನ್ನು ಎರಡು ಪಾಲು ಮಾಡಿ ಎರಡು ಗಂಟು ಕಟ್ಟಿದಳು.

“ಇದು ನಿಂಗೆ, ಕುಡಿ. ಇದು ನಂದು, ಇಟ್ಟಿರು. ನಾನು ಬಂದು ಕುಡೀತೀನಿ.”

ಪಾಪಕ್ಕ ಯುಗಾದಿಯ ಮಾರನೇ ದಿನ ತನ್ನ ಪಾಲಿನದನ್ನು ಬಿಚ್ಚಿದಳು. ಈ ಕಾಳಿನ ಮೇಲೆ ಕಪ್ಪು ಸಿಪ್ಪೆಯಿತ್ತು. ದಿಲ್ಲಮ್ಮನ ಬಾಣಲೆಯಲ್ಲಿ ನೋಡಿದ್ದು ಸಿಪ್ಪೆ ಇಲ್ಲದ್ದು. ಅದರ ಹಿಂದಿನ ಕೆಲಸವನ್ನು ಪಾಪಕ್ಕ ನೋಡಿಯೇ ಇರಲಿಲ್ಲ. ಆದರೆ ಕಾಳು ಹುರಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಲ್ಲಿ ಯಾರ ಮನೆ ಹುರಿಹಿಟ್ಟಿಗೂ ಅವಳೇ ಬೇಕು. ರಾಗಿ ಅರಳಿಸುವ ಹಾಗೆಯೇ ಎರಡು ಹಿಡಿ ಫಾಪರ್‌ಗೂ ಮಜ್ಜಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಇಡೀ ರಾತ್ರಿ ಇಟ್ಟು, ಬೆಳಗ್ಗೆ ಕಾದ ಮರಳಿಗೆ ಹಾಕಿ ಅರಳಲಿ ಅಂತ ಕಾದಳು. ಒಂದೂ ಅರಳಲಿಲ್ಲ. ಹುಳಿ ಹೊಗೆ ಎದ್ದು ಎಲ್ಲ ಇದ್ದಿಲಾಯಿತು.

ಶನಿವಾರ ದಿಲ್ಲಮ್ಮನ ಫೋನು ಬಂತು. ಅವಳ ಊರಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿ ಹತ್ತಬೇಕಂತೆ. ಗಾಳಿಯ ಸದ್ದಿನ ನಡುವೆ ಪಾಪಕ್ಕನ ಕತೆ ಕೇಳಿ ಅವಳು ಬಿದ್ದು ಬಿದ್ದು ನಕ್ಕಳು.

“ಮಜ್ಜಿಗೇನಾ! ಅಯ್ಯೋ ದಿದಿ! ನೆನೆಹಾಕು, ಹಬೆಯಲ್ಲಿ ಬೇಯಿಸು, ಎರಡು ದಿವಸ ಬಿಸಿಲಿಗೆ ಹಾಕು. ಆಮೇಲೆ ಕುಟ್ಟು, ಸಿಪ್ಪೆ ತಾನಾಗೇ ಬಿಡ್ತದೆ. ಸಣ್ಣ ಉರೀಲಿ ಹುರಿ.”

“ಯಾವಾಗ ಬರ್ತೀಯೇ?”

“ದಸರಾಗೆ ಬರ್ತೀನಿ. ಇವರು ಎದ್ದು ಕೂತ್ಕೋಬೇಕು, ಅಷ್ಟೇ.”

ಹೇಳಿದ ಹಾಗೆ ಮಾಡಿದರೆ ನೀರು ದಿಲ್ಲಮ್ಮನದೇ ಆಯಿತು. ಪಾಪಕ್ಕ ಅಂಗಳದಲ್ಲಿ ಕೂತು ಒಬ್ಬಳೇ ಕುಡಿದಳು. ಮೊದಲು ಸಾಯಂಕಾಲ ಒಂದು ಲೋಟ, ಆಮೇಲೆ ಬೆಳಗ್ಗೆ ಬರೀ ಹೊಟ್ಟೆಗೂ ಒಂದು, ಆಮೇಲೆ ಊಟವಾದ ಮೇಲೆ, ಮಲಗುವ ಮುಂಚೆ. ಲೋಟ ಕೈಯಲ್ಲಿದ್ದರೆ ಪಕ್ಕದಲ್ಲಿ ಯಾರೋ ಕೂತ ಹಾಗಿರುತ್ತಿತ್ತು, ಖಾಲಿಯಾದ ಕೂಡಲೇ ಆ ಜಾಗ ಖಾಲಿ. ಹೊಟ್ಟೆ ಉಬ್ಬರಿಸುತ್ತಿತ್ತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಪಾಪಕ್ಕ ಯಾರಿಗೂ ಹೇಳಲಿಲ್ಲ. ಅವಳಿಗೆ ಶುಗರ್ ಇತ್ತು, ದಿನಾ ಮಾತ್ರೆ ನುಂಗುತ್ತಿದ್ದಳು. ಪರೀಕ್ಷೆಯಲ್ಲಿ ಒಂದು ಸಲ ಕಡಿಮೆ ಬಂದಾಗ, ಫಾಪರ್ ಕೆಲಸ ಮಾಡುತ್ತಿದೆ ಅಂದುಕೊಂಡು ತಾನೇ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ರಾಗಿ ಸೀಮೆಯಲ್ಲಿ ಹುಟ್ಟಿದವರು ಯಾವ ಕಾಳನ್ನೂ ತಿಪ್ಪೆಗೆ ಹಾಕುವುದಿಲ್ಲ. ನೀರು ಬಸಿದ ಮೇಲೆ ಉಳಿಯುವ ಬೆಂದ ಫಾಪರ್ ಅನ್ನು ಇಷ್ಟು ದಿನ ಪಾಪಕ್ಕ ತಾನೇ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದಳು. ಗಣೇಶನ ಹಬ್ಬದ ಹಿಂದಿನ ಭಾನುವಾರ ಬೆಳಗ್ಗೆ ಅದಕ್ಕೆ ಬೆಲ್ಲ, ಕೊಬ್ಬರಿ ಹಾಕಿ ಕುಟ್ಟಿ ತಂಬಿಟ್ಟಿನ ಹಾಗೆ ಉಂಡೆ ಕಟ್ಟಿ ಸಿಂಚನಳ ಕೈಗೆ ಕೊಟ್ಟಳು. ಇದು ಎಲ್ಲರ ಮೈಗೂ ಆಗುವುದಿಲ್ಲ, ನನ್ನ ಅಕ್ಕನ ಮಗನಿಗೆ ಆಗುತ್ತಿರಲಿಲ್ಲ ಅಂತ ದಿಲ್ಲಮ್ಮ ಹಿಂದೆ ಹೇಳಿದ್ದಳು. ಪಾಪಕ್ಕ ಮರೆತಿರಲಿಲ್ಲ. ಆದರೆ ಕಾಳಿನ ಗುಣವೆಲ್ಲ ನೀರಿಗೆ ಇಳಿದುಹೋಗಿದೆ, ಇನ್ನು ಉಳಿದದ್ದು ಬರೀ ಹಿಟ್ಟು ಅಂದುಕೊಂಡಳು.

ಅರ್ಧ ಉಂಡೆ ಮುಗಿಯುವುದರೊಳಗೆ ಮಗುವಿನ ತುಟಿ ದಪ್ಪವಾಯಿತು. ಕುತ್ತಿಗೆಯ ಮೇಲೆ ಗಂದೆ ಎದ್ದವು. “ಅಜ್ಜೀ, ಕೆರೀತಿದೆ” ಅಂದಿತು, ಆಮೇಲೆ ಕೆಮ್ಮಿತು, ಕೆಮ್ಮು ನಿಲ್ಲಲಿಲ್ಲ. ನಂದೀಶ್ ವ್ಯಾನು ತೆಗೆದ. ಹೂವಿನ ಖಾಲಿ ಬಕೆಟ್ಟುಗಳು ಹಿಂದೆ ಉರುಳಾಡುತ್ತಿದ್ದ ಸದ್ದಿನಲ್ಲಿ ಮಗುವಿನ ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಮಾಸ್ಕಿಟ್ಟು ಆಕ್ಸಿಜನ್ ಹಾಕಿದರು. ಉಸಿರು ಸಲೀಸಾದ ಮೇಲೆ, “ಹೊಸದೇನು ತಿಂದ್ಲು?” ಎಂದು ಕೇಳಿದರು. ರಮ್ಯ ಅತ್ತೆಯ ಮುಖ ನೋಡಿದಳು. ಪಾಪಕ್ಕ ಏನನ್ನೂ ಮುಚ್ಚಿಡಲಿಲ್ಲ. ಉಂಡೆಯ ವಿಷಯ, ನೀರಿನ ವಿಷಯ, ಮುರಿದ ಮಾತ್ರೆಯ ವಿಷಯ, ಎಲ್ಲ ಹೇಳಿದಳು.

“ಅಜ್ಜಿ, ಕೆಲವರ ಮೈಗೆ ಈ ಕಾಳು ಕಂಡ್ರೆ ಆಗಲ್ಲ. ಹುರಿದ್ರೂ, ಕುದಿಸಿದ್ರೂ ಆ ಗುಣ ಹೋಗಲ್ಲ. ಇನ್ನು ಈ ಮಗು ಹತ್ರ ಇದರ ಧೂಳೂ ಸುಳೀಬಾರ್ದು, ತಿಳೀತಾ?” ಎಂದರು ಡಾಕ್ಟರಮ್ಮ. “ನಿಮಗೆ ಒಗ್ಗುತ್ತೆ ಅಂದ್ರೆ ದಿನಕ್ಕೆ ಒಂದು, ಹೆಚ್ಚಂದ್ರೆ ಎರಡು ಲೋಟ. ಬರೀ ಹೊಟ್ಟೆಗೆ ಬೇಡ. ಶುಗರ್‌ಗೆ ಸ್ವಲ್ಪ ಅನುಕೂಲ ಇರಬಹುದು, ಇಲ್ದೇನೂ ಇರಬಹುದು. ಅದನ್ನ ನಂಬ್ಕೊಂಡು ಮಾತ್ರೆ ಮುರಿಯೋ ಹಾಗಿಲ್ಲ.”

“ಇಲ್ಲಮ್ಮ, ಇನ್ನು ಮುರಿಯಲ್ಲ.”

ಮನೆಗೆ ಬಂದ ಮೇಲೆ ರಮ್ಯ ಮಗುವನ್ನು ಮಲಗಿಸಿ ಬಂದು ಸಜ್ಜೆಯ ಕಡೆ ಕೈ ತೋರಿಸಿದಳು. “ಅತ್ತೆ, ಆ ಗಂಟು ಎರಡೂ ಹೊರಗೆ ಹೋಗ್ಬೇಕು.”

“ನಂದು ಈಗ್ಲೇ ಸುರಿದು ಬರ್ತೀನಿ. ಇನ್ನೊಂದು ಅವಳ್ದು ಕಣವ್ವಾ.”

“ಅವಳ್ದು ಅಂತ ಬಿಡೋಕಾಗುತ್ತಾ? ಸಿಂಚನ ನಿಮ್ದಲ್ವಾ?”

ಪಾಪಕ್ಕ ತನ್ನ ಪಾಲಿನಲ್ಲಿ ಉಳಿದಿದ್ದನ್ನು ಊರಾಚೆ ಗುಂಡಿ ತೋಡಿ ಮುಚ್ಚಿದಳು. ಬಾಣಲೆ, ಒನಕೆ, ಸಜ್ಜೆ ಎಲ್ಲ ಸೋಪು ಹಾಕಿ ಮೂರು ಸಲ ತೊಳೆದಳು. ದಿಲ್ಲಮ್ಮನ ಗಂಟನ್ನು ಮಾತ್ರ ಪೇಂಟಿನ ಖಾಲಿ ಡಬ್ಬಿಯೊಳಗೆ ಹಾಕಿ, ಬಿಗಿಯಾಗಿ ಮುಚ್ಚಳ ಮುಚ್ಚಿ, ತೋಟಕ್ಕೆ ಒಯ್ದು ಸಾಮಾನು ಕೋಣೆಯ ಮೂಲೆಯಲ್ಲಿಟ್ಟಳು.

“ಇಲಿ ಬರುತ್ತೆ ಪಾಪಕ್ಕ, ಎಸೀರಿ ಅತ್ಲಾಗೆ” ಎಂದ ಬೈರೇಶ್.

“ಇನ್ನೇನು, ದಸರಾಗೆ ಬರ್ತಾಳೆ.”

ದಸರಾ ಬಂತು, ಹೋಯಿತು. ಧನ್‌ಬಹದ್ದೂರ್ ಎದ್ದು ಕೂರಲಿಲ್ಲ. ದಿಲ್ಲಮ್ಮ ಸಂಕ್ರಾಂತಿ ಅಂದಳು, ಆಮೇಲೆ ಫೆಬ್ರವರಿ ಸೀಸನ್‌ಗೆ ಅಂದಳು. ಫೆಬ್ರವರಿಯಲ್ಲಿ ತೋಟಕ್ಕೆ ಕೈ ಸಾಲದೆ ಓನರ್ ಉತ್ತರಾಖಂಡದ ಕಡೆಯ ಒಂದು ಎಳೇ ಜೋಡಿಯನ್ನು ಕರೆಸಿದರು. ಅವರಿಗೆ ದಿಲ್ಲಮ್ಮನ ಶೀಟಿನ ಮನೆ ಕೊಟ್ಟರು. ಹುಡುಗಿಯ ಹೆಸರು ಬಿಮ್ಲಾ. ಅವಳು ಬಾಗಿಲಿಗೆ ಹಸಿರು ಪರದೆ ಕಟ್ಟಿದಳು. ಪಾಪಕ್ಕ ಶೆಡ್ಡಿನಲ್ಲಿ ಅವಳ ಪಕ್ಕದಲ್ಲೇ ನಿಂತು ಮುಳ್ಳು ಸವರಿದರೂ ಬೇಕಾದಷ್ಟೇ ಮಾತಾಡುತ್ತಿದ್ದಳು. ಆ ಮನೆಯ ಕಡೆ ಹೋಗಲಿಲ್ಲ. ದಿಲ್ಲಮ್ಮ ಬಂದರೆ ಇವರನ್ನು ಎಲ್ಲಿಗೆ ಕಳಿಸುತ್ತಾರೋ ಅಂತ ಒಂದೊಂದು ಸಲ ಯೋಚನೆಯಾಗುತ್ತಿತ್ತು.

ಎರಡನೇ ಯುಗಾದಿ ಕಳೆದ ಮೇಲೆ ಒಂದು ಶನಿವಾರ, ಪಾಪಕ್ಕ ಹೂವಿನ ಕಟ್ಟಿಗೆ ರಬ್ಬರ್ ಹಾಕುತ್ತಿದ್ದಾಗ, ಫೋನು ಬಂತು. ಇವತ್ತು ಗಾಳಿಯ ಸದ್ದಿರಲಿಲ್ಲ. ದಿಲ್ಲಮ್ಮನ ದನಿ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಹತ್ತಿರ ಕೇಳುತ್ತಿತ್ತು.

“ದಿದಿ, ನಾನು ಬರಲ್ಲ.”

ಪಾಪಕ್ಕ ಕೈಲಿದ್ದ ಕಟ್ಟನ್ನು ಕೆಳಗಿಟ್ಟಳು.

“ಇವರು ಮಗ್ಗುಲು ತಿರುಗಬೇಕಾದ್ರೂ ನಾನು ಬೇಕು. ಪ್ರತಿ ಸಲ ನಿಂಗೆ ಬರ್ತೀನಿ ಅಂತೀನಿ, ಗುಡ್ಡ ಇಳಿಯುವಾಗ ಸುಳ್ಳು ಹೇಳ್ದೆ ಅಂತ ಅಳು ಬರ್ತದೆ.”

“ಅಳಬೇಡ ಕಣೇ.” ಪಾಪಕ್ಕ ಹೇಳಿದಳು, “ನಿನ್ನ ಗಂಟು ಹಂಗೇ ಇಟ್ಟಿದೀನಿ. ಒಂದು ಕಾಳೂ ತೆಗೆದಿಲ್ಲ.”

“ಇನ್ನೂ ಇದ್ಯಾ! ಇಡಬೇಡ ದಿದಿ, ಹಳೇದಾದ್ರೆ ಕಮಟು ಹಿಡೀತದೆ. ನಿಮ್ಮ ಮನೇಲಿ ಮಗೂಗೆ ಆಗಲ್ಲ ಅಂದಿದ್ಯಲ್ಲ. ಯಾರಿಗಾದ್ರೂ ಕೊಡು.”

“ನಿನ್ ಪಾಲನ್ನ ಯಾರಿಗೆ ಕೊಡ್ಲಿ?”

“ಯಾರಿಗಾದ್ರೂ. ನೀನು ಅದನ್ನ ಕಾಯ್ಕೊಂಡು ಕೂತಿದ್ರೆ ನಂಗಿಲ್ಲಿ ಅನ್ನ ಇಳಿಯಲ್ಲ.”

ಮಾತು ಮುಗಿದ ಮೇಲೆ ಪಾಪಕ್ಕ ಬಾಕಿ ಇದ್ದ ಕಟ್ಟುಗಳನ್ನೆಲ್ಲ ಕಟ್ಟಿದಳು. ಕೋಲ್ಡ್ ರೂಮಿಗೆ ತಾನೇ ಒಯ್ದಳು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗೆ ನಿಂತಳು. ಹೊರಗೆ ಬಂದವಳು ಸಾಮಾನು ಕೋಣೆಯಿಂದ ಡಬ್ಬಿ ಎತ್ತಿಕೊಂಡು ಹಸಿರು ಪರದೆಯ ಮುಂದೆ ಹೋಗಿ ಕೂಗಿದಳು.

ಬಿಮ್ಲಾ ಗಂಟು ಬಿಚ್ಚಿ ನೋಡಿದವಳೇ ಕಾಳನ್ನು ಬೊಗಸೆಗೆ ತೆಗೆದುಕೊಂಡಳು. “ಅಕ್ಕಾ! ಯೇ ತೋ ಕುಟ್ಟು ಹೈ! ನಮ್ ಊರಲ್ಲಿ ಇದಕ್ಕೆ ಕುಟ್ಟು ಅಂತಾರೆ! ಉಪವಾಸಕ್ಕೆ ರೋಟಿ ಮಾಡ್ತಾರೆ.”

“ಟೀ ಮಾಡ್ತಾರಾ?”

“ಟೀ? ಇದರಲ್ಲಿ?” ಬಿಮ್ಲಾ ನಕ್ಕಳು. ಬೆಟ್ಟದಲ್ಲಿ ಹುಟ್ಟಿದ ಹುಡುಗಿಗೆ ಅದು ಗೊತ್ತೇ ಇರಲಿಲ್ಲ. ಪಾಪಕ್ಕ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

“ಮೊದ್ಲು ಹೇಳು. ಇದನ್ನ ತಿಂದಾಗ ಮೈ ಕೆರೆಯೋದು, ತುಟಿ ಊದೋದು, ಉಸಿರು ಕಟ್ಟೋದು ಏನಾದ್ರೂ ಆಗಿತ್ತಾ? ನಿಂಗೆ, ನಿನ್ ಗಂಡಂಗೆ?”

“ನಹೀಂ ಅಕ್ಕಾ. ಚಿಕ್ಕೋರಿದ್ದಾಗಿಂದ ತಿಂತೀವಿ.”

“ಸರಿಯಾಗಿ ಯೋಚ್ನೆ ಮಾಡಿ ಹೇಳು. ಬೇರೆ ಯಾರಿಗಾದ್ರೂ ಕೊಡೋ ಮುಂಚೆನೂ ಕೇಳ್ಬೇಕು. ಮಕ್ಕಳು ಬಂದ್ರೆ ಅವರ ಕೈಗೆ ಇದು ಸಿಗಬಾರ್ದು.”

ಆ ಶನಿವಾರ ನೆನೆಹಾಕಿ, ಭಾನುವಾರ ಹಬೆಯಲ್ಲಿ ಬೇಯಿಸಿ, ಎರಡು ದಿನ ಪಾಲಿಹೌಸಿನ ಪಕ್ಕದ ಕಲ್ಲಿನ ಮೇಲೆ ಒಣಹಾಕಿದರು. ಕುಟ್ಟಿ, ಮೊರದಲ್ಲಿ ಕೇರಿ, ಮುಗ್ಗಿದ ಕಾಳನ್ನು ಆರಿಸಿ ತೆಗೆದರು. ಬುಧವಾರ ಸಾಯಂಕಾಲ ಪಾಪಕ್ಕ ಬಾಣಲೆಯ ಮುಂದೆ ಕೂತು, ಉರಿ ತಗ್ಗಿಸುವುದು ಯಾವಾಗ, ವಾಸನೆ ತಿರುಗುವುದು ಯಾವಾಗ ಅಂತ ತೋರಿಸಿದಳು. ನೀರು ಹೊಯ್ದು, ಮುಚ್ಚಿ, ಎರಡು ಲೋಟಕ್ಕೆ ಬಸಿದಳು.

ಬಿಮ್ಲಾ ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಸಕ್ಕರೆ ಹಾಕ್ಲಾ ಅಕ್ಕಾ?”

ದಿಲ್ಲಮ್ಮ ಇದ್ದಿದ್ದರೆ ಚಮಚ ಕಿತ್ತುಕೊಳ್ಳುತ್ತಿದ್ದಳು. ಪಾಪಕ್ಕ ಹುಡುಗಿಯ ಮುಖ ನೋಡಿದಳು.

“ಹಾಕ್ಕೋ.”

ಬಿಮ್ಲಾ ಎರಡು ಚಮಚ ಹಾಕಿ ಕಲಕಿ ಕುಡಿದಳು. ಆಮೇಲೆ ತನ್ನ ಊರಲ್ಲಿ ಹಿಮ ಬೀಳುವ ಕಾಲದಲ್ಲಿ ಅಮ್ಮ ಹೇಗೆ ಒಲೆ ಆರದ ಹಾಗೆ ನೋಡಿಕೊಳ್ಳುತ್ತಾಳೆ ಅಂತ ಹರಕು ಕನ್ನಡದಲ್ಲಿ ಹೇಳತೊಡಗಿದಳು. ಪಾಪಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ರುಚಿ ಅದೇ ಆಗಿತ್ತು, ಕೊನೆಯ ಆ ಸಣ್ಣ ಕಹಿಯೂ ಇತ್ತು. ಪಕ್ಕದಿಂದ ಬರುತ್ತಿದ್ದ ದನಿ ಮಾತ್ರ ಬೇರೆ.

ಎದ್ದವಳು ತೋಟದ ನಲ್ಲಿಯಲ್ಲಿ ಸೋಪು ಹಾಕಿ ಮೊಣಕೈ ತನಕ ತೊಳೆದಳು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಸಾಮಾನು ಕೋಣೆಯಲ್ಲಿ ಬೇರೆ ಸೀರೆ ಉಟ್ಟು, ಉಟ್ಟಿದ್ದನ್ನು ಕವರಿನಲ್ಲಿ ಗಂಟು ಹಾಕಿಟ್ಟಳು. ಅಂಗೈ ಮೂಸಿ ನೋಡಿದಳು. ಬರೀ ಸೋಪಿನ ವಾಸನೆ. ಆಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಲು ಮನೆಯ ಕಡೆ ನಡೆದಳು.